ಪಿಂಗ್ಯಾವ್‌ನ ಅಂಗಳದ ಮನೆ: ರೂಮ್ ಬುಕ್ ಮಾಡೋ ಮುಂಚೆ ಇದಿಷ್ಟು ಕೇಳಿ

ಫೋಟೋದಲ್ಲಿದ್ದ ಕೋಣೆ ಬೇರೆ, ನಮಗೆ ಕೊಟ್ಟ ಕೋಣೆ ಬೇರೆ. ಚೀನಾದ ಶಾನ್ಶಿ ಪ್ರಾಂತ್ಯದ ಪಿಂಗ್ಯಾವ್‌ನಲ್ಲಿ, ಹೋಟೆಲ್ ಆಗಿರುವ ಹಳೆ ಮನೆಯೊಂದರಲ್ಲಿ ಎರಡು ರಾತ್ರಿ ಇದ್ದೆವು. ಹೆಸರು ಬೇಡ. ಹಳೆ ಊರಿನ ಕೋಟೆಯೊಳಗೆ ಅಂಥವು ಗಲ್ಲಿ ಗಲ್ಲಿಯಲ್ಲೂ ಇವೆ.

ಮನೆ ನಮ್ಮ ತೊಟ್ಟಿ ಮನೆ ಥರವೇ, ಆದರೆ ಅಂಗಳ ಉದ್ದ, ಅಗಲ ಕಮ್ಮಿ. ಎರಡೂ ಪಕ್ಕದ ಮಾಡು ಒಳಗಡೆಗೆ ಮಾತ್ರ ಇಳಿಜಾರು. ಮಳೆ ನೀರೂ ಪಕ್ಕದ ಮನೆ ಪಾಲಾಗಬಾರದು ಅನ್ನೋ ಲೆಕ್ಕ! ಕಟ್ಟಿಸಿದವರು ವ್ಯಾಪಾರಸ್ಥರು ತಾನೇ. 1823ರಲ್ಲಿ ರಿಶೆಂಗ್‌ಚಾಂಗ್ ಅನ್ನೋ, ಊರಿಂದ ಊರಿಗೆ ಚೀಟಿ ಮೇಲೆ ಹಣ ಕಳಿಸೋ ಹುಂಡಿ ಅಂಗಡಿ ಶುರುವಾಗಿದ್ದು ಇದೇ ಊರಲ್ಲಿ.

ಅಂಗಳದ ಉತ್ತರದ ತುದಿಯಲ್ಲಿರೋದು ಝೆಂಗ್‌ಫಾಂಗ್, ಯಜಮಾನನ ಕೋಣೆ. ಬಿಸಿಲು ಚೆನ್ನಾಗಿ ಬೀಳೋದು ಅಲ್ಲಿಗೇ, ಬುಕಿಂಗ್ ಫೋಟೋ ಕೂಡ ಅದರದ್ದೇ. ನಮ್ಮದು ಪಕ್ಕದ ಸಾಲಿನ ಶ್ಯಾಂಗ್‌ಫಾಂಗ್. ಮಧ್ಯಾಹ್ನವೂ ಲೈಟ್ ಬೇಕು. ಅಂಗಳವೇ ಊಟದ ಜಾಗ, ಹಾಗಾಗಿ ಕಿಟಕಿ ತೆಗೆದರೆ ಯಾರದೋ ತಟ್ಟೆ ಕಾಣುತ್ತೆ. ರಾತ್ರಿ ಹನ್ನೊಂದೂವರೆವರೆಗೆ ಗ್ಲಾಸ್ ಸದ್ದು, ನಗು. ಬೀದಿಯಲ್ಲಿ ಎಷ್ಟೇ ಜನ ಇದ್ದರೂ ನಂಗೆ ತೊಂದರೆಯಿಲ್ಲ. ಆದರೆ ಮಲಗಿದ ಮೇಲೆ ಸದ್ದು ತಡೆಯೋಕಾಗಲ್ಲ.

ಇನ್ನು ಕಾಂಗ್. ಇಟ್ಟಿಗೆಯಲ್ಲಿ ಕಟ್ಟಿದ ಮಂಚ, ಒಲೆಯ ಬಿಸಿ ಹೊಗೆ ಕೆಳಗಡೆ ಹಾದು ಹೋಗಿ ಬೆಚ್ಚಗಾಗುತ್ತೆ. ಅದರ ಆಸೆಗೇ ಈ ಹೋಟೆಲ್ ಹಿಡಿದಿದ್ದು. ಅಮ್ಮ ಕೈಯಿಟ್ಟು ನೋಡಿ, "ತಣ್ಣಗಿದೆಯಲ್ಲೋ" ಅಂದರು. ಬಗ್ಗಿ ನೋಡಿದರೆ ಒಲೆ ಬಾಯಿಗೆ ಸಿಮೆಂಟ್ ಬಳಿದಿದೆ. ಮೇಲೆ ಎಲೆಕ್ಟ್ರಿಕ್ ಹಾಸು, ಅಷ್ಟೇ. ಅಕ್ಟೋಬರ್ ಕೊನೆ, ಒಳ್ಳೆ ಚಳಿ. ಅಮ್ಮನಿಗೆ ಮಾತ್ರ ಆ ಗಟ್ಟಿ ಹಾಸಿಗೆ ಹಿಡಿಸಿಬಿಟ್ಟಿತು. ನಾನು ಬೆಳಿಗ್ಗೆ ಸೊಂಟ ಹಿಡಿದುಕೊಂಡು ಎದ್ದೆ.

ಹಾಗಾಗಿ ಯಾವ ದಿಕ್ಕಿನ ಕೋಣೆ, ಎಷ್ಟನೇ ಅಂಗಳ, ಕಾಂಗ್ ಕೆಳಗೆ ಬೆಂಕಿ ಹಾಕ್ತಾರಾ, ಇಷ್ಟನ್ನು ಮೆಸೇಜಲ್ಲಿ ಕೇಳಿ ಉತ್ತರ ಉಳಿಸಿಕೊಳ್ಳಿ. ಅಂಗಳಗಳು ಒಂದರ ಹಿಂದೊಂದು ಇರುತ್ತವೆ, ಹಿಂದಿನದು ಸಿಕ್ಕರೆ ಬಿಡಬೇಡಿ. ವಯಸ್ಸಾದವರಿದ್ದರೆ ಹೊಸ್ತಿಲ ಬಗ್ಗೆ ಮೊದಲೇ ಹೇಳಿ, ಮೊಣಕಾಲೆತ್ತಿ ದಾಟಬೇಕು.

ಬುಲೆಟ್ ಟ್ರೈನ್ ನಿಲ್ಲೋ ಪಿಂಗ್ಯಾವ್ ಗುಚೆಂಗ್ ಸ್ಟೇಷನ್ ಊರಾಚೆ ಇದೆ. ಹೆಸರಲ್ಲಿ 'ಹಳೆ ಊರು' ಅಂತಿದೆ, ನಂಬಬೇಡಿ. ಟ್ಯಾಕ್ಸಿ ಕೋಟೆ ಬಾಗಿಲಲ್ಲೇ ಇಳಿಸಿತು. ಒಳಗೆ ಬ್ಯಾಟರಿ ಗಾಡಿಯವನು ಹತ್ತು ಯುವಾನ್ ಅಂದ. ಇಳಿಯುವಾಗ "ಒಬ್ಬೊಬ್ಬರಿಗೆ" ಅಂದ. ಹತ್ತೋ ಮುಂಚೆ ಒಟ್ಟು ಮೊತ್ತವನ್ನು ಮೊಬೈಲಲ್ಲಿ ಒತ್ತಿ ತೋರಿಸಿ.

ಊಟಕ್ಕೆ ದೊಡ್ಡ ಬೀದಿ ಬೇಡ. ನಾಲ್ಕು ಮೇಜಿನ ಒಂದು ಅಂಗಡಿ ಹಿಂದಿನ ಗಲ್ಲಿಯಲ್ಲಿ ಸಿಕ್ಕಿತು, ಮೂರು ಹೊತ್ತು ಅಲ್ಲೇ ತಿಂದೆವು. ಅಂಗಡಿ ನಡೆಸೋದು ಗಂಡ ಹೆಂಡತಿ. ಗಂಡ ಹಿಟ್ಟಿನ ಮುದ್ದೆಯನ್ನು ಮುಂಗೈ ಮೇಲೆ ಹಿಡಿದು, ಬಾಗಿದ ತಗಡಿನಂಥ ಕತ್ತಿಯಲ್ಲಿ ಸರಸರ ಕೆತ್ತುತ್ತಾನೆ. ನೂಡಲ್ಸ್ ಎಳೆಗಳು ಹಾರಿ ನೇರ ಕುದಿಯೋ ನೀರಿಗೆ ಬೀಳುತ್ತವೆ. ಅದಕ್ಕೆ ಟೊಮೆಟೊ, ಮೊಟ್ಟೆ ಗೊಜ್ಜು. ಮೊಟ್ಟೆ ತಿನ್ನದ ಅಮ್ಮನಿಗೆ ಖಾವ್‌ಲಾವ್‌ಲಾವ್ ಕೊಟ್ಟರು. ಓಟ್ಸ್ ಹಿಟ್ಟನ್ನು ತೆಳ್ಳಗೆ ಸುರುಳಿ ಮಾಡಿ, ಜೇನುಗೂಡಿನ ಹಾಗೆ ಒತ್ತೊತ್ತಾಗಿ ನಿಲ್ಲಿಸಿ ಬಿದಿರಿನ ಬುಟ್ಟಿಯಲ್ಲಿ ಬೇಯಿಸಿದ್ದು. ಶಾನ್ಶಿಯ ಕಪ್ಪು ವಿನೆಗರ್, ಬೆಳ್ಳುಳ್ಳಿ ಕಲಸಿ ಅದ್ದಿಕೊಂಡು ತಿನ್ನಬೇಕು. ಮಾಂಸ ಬೇಡ ಅಂತ ಚೀನೀ ಅಕ್ಷರದಲ್ಲಿ ಬರೆಸಿ ಇಟ್ಟುಕೊಳ್ಳಿ, ಇಲ್ಲದಿದ್ದರೆ ತರಕಾರಿ ಮೇಲೂ ಸ್ವಲ್ಪ ಹಂದಿ ಕೈಮಾ ಉದುರಿಸಿಬಿಡ್ತಾರೆ. ಕೊನೆ ದಿನ ಅಂಗಡಿಯಾಕೆ ನಮ್ಮನ್ನು ದೂರದಿಂದ ಕಂಡವಳೇ ಬುಟ್ಟಿ ಒಲೆ ಮೇಲಿಟ್ಟಳು.