ವಿಎಂ ಏಳದಿದ್ದಾಗ ಗ್ರಾಫಿಕ್ಸ್ ಸಾಲುಗಳನ್ನು ನೋಡಿ

ಪುಣೆಯ ಹಿಂಜವಡಿಯ ಆಫೀಸಿನಲ್ಲಿ ಕೂತವರಿಗೆ ನವಿ ಮುಂಬೈನ ಐರೋಲಿ, ಮಹಾಪೆಯ ಡೇಟಾ ಸೆಂಟರಿನ ರ‍್ಯಾಕ್ ಕಣ್ಣಿಗೆ ಬೀಳುವುದಿಲ್ಲ. ಟಿಕೆಟ್ಟಿನಲ್ಲಿ ಇರುವುದು ‘ವಿಎಂ ಚಾಲೂ ಹೋತ್ ನಾಹಿ’ (ವಿಎಂ, ಅಂದರೆ ವರ್ಚುವಲ್ ಮಷೀನ್, ಶುರುವಾಗುತ್ತಿಲ್ಲ) ಅಂತ ಒಂದೇ ಸಾಲು. ವಿಎಂ ಏಳಲೇ ಇಲ್ಲವೋ, ಎದ್ದರೂ ತೆರೆ ಕಪ್ಪಾಗಿದೆಯೋ ಎಂಬುದನ್ನು ಮೊದಲು ಬೇರ್ಪಡಿಸಿ. ವಿಎಂಗಳನ್ನು ನಿಭಾಯಿಸುವ ‘ವರ್ಶ್’ ಕಮಾಂಡಿನ ‘ವರ್ಶ್ ಲಿಸ್ಟ್’ನಲ್ಲಿ ಎಲ್ಲ ವಿಎಂಗಳನ್ನೂ ತೋರಿಸಿಕೊಂಡರೆ ‘ರನ್ನಿಂಗ್’ ಅಥವಾ ‘ಶಟ್ ಆಫ್’ ಎಂದು ಗೊತ್ತಾಗುತ್ತದೆ.

ಲಿನಕ್ಸ್‌ನ ಒಂದು ಆವೃತ್ತಿಯಾದ ಸೆಂಟ್‌ಒಎಸ್ 7ರ ಬೆಂಬಲ 2024ರ ಜೂನ್ 30ಕ್ಕೆ ಮುಗಿಯಿತು. ಅಲ್ಲಿಂದ ರೆಡ್ ಹ್ಯಾಟ್ 9ರ ಸಾಲಿನವೇ ಆದ ರಾಕಿ 9, ಆಲ್ಮಾ 9ಕ್ಕೆ ಸಾಗಿಸಿದ ಕೆವಿಎಂ (ಲಿನಕ್ಸ್‌ನಲ್ಲಿ ವಿಎಂ ಓಡಿಸುವ ವ್ಯವಸ್ಥೆ) ಯಂತ್ರಗಳು ಏಳದಿರಲು ಒಂದು ದೊಡ್ಡ ಕಾರಣ ಗ್ರಾಫಿಕ್ಸ್. ಈ ಸಾಲಿನ ಕ್ಯೂಎಮುವಿನಿಂದ (ವಿಎಂಗೆ ಯಂತ್ರಾಂಶದ ವೇಷ ಕೊಡುವ ತಂತ್ರಾಂಶ) ಸ್ಪೈಸ್ (ವಿಎಂನ ತೆರೆಯನ್ನು ದೂರದಿಂದ ನೋಡುವ ವಿಧಾನ) ಮತ್ತು ಅದರ ಜೋಡಿ ವಿಡಿಯೊ ಕಾರ್ಡ್ ಕ್ಯುಎಕ್ಸ್‌ಎಲ್ ಎರಡನ್ನೂ ತೆಗೆದುಹಾಕಿದ್ದಾರೆ. ಹಳೆಯ ವಿಎಂನ ರಚನೆ ಬರೆದಿಟ್ಟ ಎಕ್ಸ್‌ಎಂಎಲ್ ಫೈಲು ಅವನ್ನೇ ಕೇಳುತ್ತದೆ. ‘ವರ್ಶ್’ನ ಹಿಂದೆ ಕೆಲಸ ಮಾಡುವ ಲಿಬ್‌ವರ್ಟ್ ಕ್ಯೂಎಮುವನ್ನು ಶುರು ಮಾಡುವ ಮೊದಲೇ ನಿರಾಕರಿಸುತ್ತದೆ. ಹಾಗಾಗಿ ವಿಎಂನ ಲಾಗ್ ಫೈಲಿನಲ್ಲಿ ಹೊಸದೇನೂ ಸಿಗದಿರಬಹುದು. ‘ವರ್ಶ್ ಸ್ಟಾರ್ಟ್’ ಕೊಟ್ಟಾಗ ಬರುವ ಎರರ್ ಸಾಲನ್ನೇ ಪೂರ್ತಿ ಓದಿ, ಟಿಕೆಟ್ಟಿಗೂ ಅಂಟಿಸಿ.

ಕೈ ಹಾಕುವ ಮೊದಲು ಎಕ್ಸ್‌ಎಂಎಲ್ ಅನ್ನು ಬೇರೆ ಫೈಲಿಗೆ ಇಳಿಸಿಕೊಳ್ಳಿ. ವಿಎನ್‌ಸಿ (ತೆರೆಯನ್ನು ದೂರದಿಂದ ನೋಡುವ ಇನ್ನೊಂದು ವಿಧಾನ) ಪಾಸ್‌ವರ್ಡ್ ಇದ್ದರೆ, ‘ಸೆಕ್ಯುರಿಟಿ-ಇನ್ಫೊ’ ಆಯ್ಕೆ ಕೊಡದೆ ಮಾಡಿದ ಡಂಪ್‌ನಲ್ಲಿ ಅದು ಬರುವುದಿಲ್ಲ. ಆಮೇಲೆ ‘ವರ್ಶ್ ಎಡಿಟ್’. ಬಹಳ ಮಂದಿ ವಿಡಿಯೊ ಮಾಡೆಲ್ ಒಂದನ್ನೇ ಬದಲಿಸಿ, ಮತ್ತೆ ಎರರ್ ಕಂಡು ತಲೆ ಕೆಡಿಸಿಕೊಳ್ಳುತ್ತಾರೆ. ಸ್ಪೈಸ್ ಐದು ಕಡೆ ಕೂತಿರಬಹುದು: ಗ್ರಾಫಿಕ್ಸ್, ಕ್ಯುಎಕ್ಸ್‌ಎಲ್ ವಿಡಿಯೊ, ಸ್ಪೈಸ್‌ವಿಎಂಸಿ ಚಾನೆಲ್ (ಗೆಸ್ಟ್ ಜೊತೆ ಸ್ಪೈಸ್ ಮಾತಾಡುವ ದಾರಿ), ಯುಎಸ್‌ಬಿ ರಿಡೈರೆಕ್ಷನ್, ಆಡಿಯೊ. ಗೆಸ್ಟ್ ಅಂದರೆ ವಿಎಂನೊಳಗಿನ ಓಎಸ್, ಹೋಸ್ಟ್ ಅಂದರೆ ವಿಎಂ ಓಡುವ ಯಂತ್ರ. ಗ್ರಾಫಿಕ್ಸ್ ಅನ್ನು ವಿಎನ್‌ಸಿ ಮಾಡಿ. ಚಾನೆಲ್ ಮತ್ತು ರಿಡೈರೆಕ್ಷನ್ ತೆಗೆಯಿರಿ. ಆಡಿಯೊವನ್ನು ‘ನನ್’ ಮಾಡಿ. ವಿಎನ್‌ಸಿಯನ್ನು 127.0.0.1ರಲ್ಲೇ (ಹೋಸ್ಟಿನ ಒಳಗಿಗೆ ಮಾತ್ರ) ಬಿಟ್ಟು ಎಸ್‌ಎಸ್‌ಎಚ್ ಟನಲ್ ಮೂಲಕ ನೋಡಿ. ಅವಸರಕ್ಕೆಂದು 0.0.0.0 (ಎಲ್ಲ ನೆಟ್‌ವರ್ಕಿಗೂ ತೆರೆದದ್ದು) ಹಾಕಿದ್ದು ಹಾಗೇ ಉಳಿದುಬಿಡುತ್ತದೆ.

ವಿಡಿಯೊಗೆ ಈಗಿನ ಲಿನಕ್ಸ್ ಗೆಸ್ಟ್ ಆದರೆ ನೇರವಾಗಿ ವಿಎಂಗಳಿಗೆಂದೇ ಮಾಡಿದ ‘ವರ್ಟ್‌ಐಒ’. ವಿಂಡೋಸ್ ಆದರೆ ಮೊದಲು ‘ವಿಜಿಎ’ಯಲ್ಲಿ ಎಬ್ಬಿಸಿ, ವರ್ಟ್‌ಐಒ ಡಿಸ್‌ಪ್ಲೇ ಡ್ರೈವರ್ ಹಾಕಿ, ನಂತರ ಬದಲಿಸುವುದು ಕ್ಷೇಮ. ವಿಜಿಎ ಮೆಮೊರಿಯ ಲೆಕ್ಕ ಸರಳ: ಅಗಲ, ಎತ್ತರ ಗುಣಿಸಿ, ಪ್ರತಿ ಪಿಕ್ಸೆಲ್‌ಗೆ 4 ಬೈಟ್. 1920×1080ಕ್ಕೆ 82,94,400 ಬೈಟ್, ಅಂದರೆ ಎಕ್ಸ್‌ಎಂಎಲ್‌ನ 16384 ಕೆಬಿ ಧಾರಾಳ. 3840×2160 ಬೇಕಿದ್ದರೆ 32768 ಕೊಡಿ. ಹೊಸ ಸಾಲಿಗೆ ಪಿಸಿಐ ವಿಳಾಸವನ್ನು ಕೈಯಾರೆ ಬರೆಯಬೇಡಿ. ಒಂದೇ ಸ್ಲಾಟನ್ನು ಎರಡು ಡಿವೈಸ್ ಕೇಳಿದರೆ ಅದೇ ಇನ್ನೊಂದು ಎರರ್. ಖಾಲಿ ಬಿಟ್ಟರೆ ಲಿಬ್‌ವರ್ಟ್ ತಾನೇ ಹಂಚುತ್ತದೆ.

ಎಲ್ಲ ಸರಿಮಾಡಿದ ಮೇಲೂ ಹಳೇ ಎರರ್ ಬಂದರೆ ‘ಮ್ಯಾನೇಜ್ಡ್ ಸೇವ್’ ಮೇಲೆ ಅನುಮಾನಪಡಿ. ಶಟ್‌ಡೌನ್ ಬದಲು ಸೇವ್ ಮಾಡಿದ ವಿಎಂನ ಮೆಮೊರಿ ಚಿತ್ರದೊಳಗೆ ಹಳೆಯ ಎಕ್ಸ್‌ಎಂಎಲ್ ಕೂಡ ಇರುತ್ತದೆ. ಸ್ಟಾರ್ಟ್ ಕೊಟ್ಟಾಗ ಓದುವುದು ಅದನ್ನೇ. ‘ಮ್ಯಾನೇಜ್ಡ್‌ಸೇವ್-ರಿಮೂವ್’ ಕೊಟ್ಟರೆ ದಾರಿ ತೆರೆಯುತ್ತದೆ, ಆದರೆ ಮೆಮೊರಿಯಲ್ಲಿದ್ದದ್ದು ಹೋಗುತ್ತದೆ. ಡೇಟಾಬೇಸ್ ಓಡುತ್ತಿದ್ದ ವಿಎಂ ಆದರೆ ಕರೆಂಟು ಹೋದಂತೆಯೇ ಸರಿ. ಹಳೆಯ ಹೋಸ್ಟ್ ಇನ್ನೂ ಇದ್ದರೆ ಅಲ್ಲೇ ಎಬ್ಬಿಸಿ, ಒಳಗಿನಿಂದ ಶಟ್‌ಡೌನ್ ಮಾಡಿ ತನ್ನಿ.

ತ್ರೀಡಿ ವೇಗವರ್ಧನೆ ಆನ್ ಇದ್ದರೆ ಹೋಸ್ಟಿನಲ್ಲಿ ‘ರೆಂಡರ್‌ಡಿ128’ ಥರದ ರೆಂಡರ್ ನೋಡ್ (ಜಿಪಿಯುವಿನಿಂದ ಚಿತ್ರ ಬರೆಸಲು ಬಳಸುವ ಡಿವೈಸ್ ಫೈಲ್) ಬೇಕು. ರ‍್ಯಾಕ್ ಸರ್ವರ್‌ಗಳ ಮದರ್‌ಬೋರ್ಡಿನ ಆಸ್ಪೀಡ್ ಚಿಪ್ ‘ಕಾರ್ಡ್0’ ಕೊಡುತ್ತದೆ, ರೆಂಡರ್ ನೋಡ್ ಕೊಡುವುದಿಲ್ಲ. ಡೆಸ್ಕ್‌ಟಾಪಿನಲ್ಲಿ ಓಡಿದ ವಿಎಂ ಸರ್ವರಿನಲ್ಲಿ ಬೀಳುವುದು ಇದಕ್ಕೇ. ತ್ರೀಡಿಗೆ ಬೇಕಾದ ಜಿಎಲ್ ಆಯ್ಕೆ ತೆಗೆದುಬಿಡಿ.

ವಿಎಂ ‘ರನ್ನಿಂಗ್’ ಇದ್ದು ತೆರೆ ಮಾತ್ರ ಕಪ್ಪಾದರೆ ಗೆಸ್ಟ್‌ನ ಒಳಗೆ ಹುಡುಕಿ. ತೆರೆಯ ಸೆಟ್ಟಿಂಗ್ ಇರುವ ‘ಎಕ್ಸ್‌ಒಆರ್‌ಜಿ.ಕಾನ್ಫ್’ನಲ್ಲಿ ಕ್ಯುಎಕ್ಸ್‌ಎಲ್ ಡ್ರೈವರ್ ಎಂದು ಬರೆದಿಟ್ಟಿದ್ದರೆ ಆ ಫೈಲನ್ನು ಪಕ್ಕಕ್ಕೆ ಸರಿಸಿದರೆ ಸಾಕು. ಒಳಹೋಗಲು ಎಸ್‌ಎಸ್‌ಎಚ್ ಇಲ್ಲದಿದ್ದರೆ ಸೀರಿಯಲ್ ಕನ್ಸೋಲ್ (ಗ್ರಾಫಿಕ್ಸ್ ಇಲ್ಲದೆ ಅಕ್ಷರಗಳಲ್ಲೇ ಲಾಗಿನ್ ಆಗುವ ದಾರಿ) ಬೇಕು. ಅದನ್ನು ಸಾಗಿಸುವ ಮೊದಲೇ, ಹಗಲಲ್ಲೇ ಸಿದ್ಧಮಾಡಿ. ಹೊಸ ಹೋಸ್ಟಿನಲ್ಲಿ ‘ಡೊಮ್‌ಕೇಪಬಿಲಿಟೀಸ್’ ಕೊಟ್ಟು ಯಾವ ವಿಡಿಯೊ, ಯಾವ ಗ್ರಾಫಿಕ್ಸ್ ಇದೆ ಎಂಬ ಪಟ್ಟಿಯನ್ನೂ ಆಗಲೇ ಪಡೆದು, ಪ್ರತಿ ವಿಎಂನ ಎಕ್ಸ್‌ಎಂಎಲ್ ಜೊತೆ ತಾಳೆ ನೋಡಿ.