10/22ರಲ್ಲಿ ತೋಟಾ ಎಲ್ಲಿ ನಿಂತಿತು?

ಅಮೆರಿಕದ ರೂಗರ್ 10/22 ರೈಫಲ್ 1964ರಿಂದ ಮಾರುಕಟ್ಟೆಯಲ್ಲಿದೆ. ಅರೆ-ಸ್ವಯಂಚಾಲಿತ (ಒಂದು ಹೊಡೆತದ ನಂತರ ಮುಂದಿನ ತೋಟಾ ತಾನೇ ಒಳಗೆ ಬರುತ್ತದೆ), ಪಾಯಿಂಟ್ 22 ಲಾಂಗ್ ರೈಫಲ್ ಎಂಬ ಸಣ್ಣ ತೋಟಾದ್ದು. ಹತ್ತು ತೋಟಾ ಹಿಡಿಯುವ ಗುಂಡನೆಯ ಮ್ಯಾಗಝೀನು ಸ್ಟಾಕಿನ, ಅಂದರೆ ಹೆಗಲಿಗೆ ಒತ್ತಿ ಹಿಡಿಯುವ ಭಾಗದ, ಹೊಟ್ಟೆಯೊಳಗೇ ಅಡಗಿ ಕೂರುತ್ತದೆ. ಇದರ ನಳಿಗೆಯನ್ನು ರಿಸೀವರಿಗೆ, ಅಂದರೆ ನಡುವಿನ ಲೋಹದ ಗೂಡಿಗೆ, ಹಿಡಿದಿಡುವುದು ವಿ-ಬ್ಲಾಕ್ ಎಂಬ ಒಂದು ತುಂಡು ಮತ್ತು ಎರಡು ಸ್ಕ್ರೂ, ಅಷ್ಟೇ. ಎರಡು ಅಡ್ಡ ಪಿನ್ನು ತೆಗೆದರೆ ಟ್ರಿಗರ್ ಭಾಗ ಇಡಿಯಾಗಿ ಕೈಗೆ ಬರುತ್ತದೆ. ಹೀಗಿರುವುದರಿಂದಲೇ ಅಲ್ಲಿ ಬಹಳ ಜನ ಇದನ್ನು ಮನೆಯಲ್ಲೇ ಜೋಡಿಸುತ್ತಾರೆ. ಸರಣಿ ಸಂಖ್ಯೆ ಇರುವ ರಿಸೀವರನ್ನು ಪರವಾನಗಿ ಉಳ್ಳ ಅಂಗಡಿಯಿಂದ ಕಾಗದಪತ್ರ ತುಂಬಿ ಕೊಳ್ಳುತ್ತಾರೆ. ನಳಿಗೆ ಒಬ್ಬ ತಯಾರಕರದು, ಬೋಲ್ಟ್ (ತೋಟಾವನ್ನು ಒಳಗೆ ತಳ್ಳಿ ಹಿಂದಿನಿಂದ ಮುಚ್ಚುವ ಉಕ್ಕಿನ ತುಂಡು) ಇನ್ನೊಬ್ಬರದು, ಸ್ಟಾಕ್ ಮತ್ತೊಬ್ಬರದು. ಬಿಡಿಬಿಡಿಯಾಗಿ ಎಲ್ಲವೂ ಸರಿಯಾಗಿಯೇ ಇರುತ್ತವೆ. ಒಂದಕ್ಕೊಂದು ಸೇರುವ ಜಾಗದಲ್ಲಿ ತಕರಾರು ಶುರುವಾಗುತ್ತದೆ, ತೋಟಾ ಸಿಕ್ಕಿಕೊಳ್ಳುತ್ತದೆ.

ಊರಿನಲ್ಲಿ ಕೂತು ಓದುತ್ತಿರುವವರಿಗೆ ಒಂದು ಮಾತು. ಭಾರತದಲ್ಲಿ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಪರವಾನಗಿ ಇಲ್ಲದೆ ಬಂದೂಕು ತಯಾರಿಸುವುದಾಗಲಿ ಜೋಡಿಸುವುದಾಗಲಿ ಅಪರಾಧ. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಇರುವ ವಿನಾಯಿತಿ ಬಂದೂಕು ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು, ಮನೆಯಲ್ಲಿ ಜೋಡಿಸುವುದಕ್ಕೆ ಅಲ್ಲ. ಅಮೆರಿಕದಲ್ಲೂ ರಾಜ್ಯದಿಂದ ರಾಜ್ಯಕ್ಕೆ ಕಾನೂನು ಬೇರೆ. ಕೆಳಗೆ ಬರೆದಿರುವುದೆಲ್ಲ ಅಲ್ಲಿ ಕಾನೂನಿನ ಪ್ರಕಾರ ಈ ರೈಫಲ್ ಇಟ್ಟುಕೊಂಡು ಗುರಿ ಅಭ್ಯಾಸ ಮಾಡುವವರಿಗಾಗಿ.

ಪರೀಕ್ಷೆಗೆ ಕೂರುವ ಮೊದಲು ಮ್ಯಾಗಝೀನು ಹೊರಗೆ ತೆಗೆಯಿರಿ, ಆಮೇಲೆ ಬೋಲ್ಟ್ ಹಿಂದಕ್ಕೆ ಎಳೆಯಿರಿ. ಈ ಕ್ರಮ ತಪ್ಪಬಾರದು. ಮೊದಲೇ ಬೋಲ್ಟ್ ಎಳೆದುಬಿಟ್ಟರೆ ಕೈಬಿಟ್ಟಾಗ ಮ್ಯಾಗಝೀನಿನಿಂದ ಇನ್ನೊಂದು ತೋಟಾ ಒಳಗೆ ಹೋಗುತ್ತದೆ. ಬೋಲ್ಟನ್ನು ಹಿಂದೆ ಲಾಕ್ ಮಾಡಿ ಚೇಂಬರನ್ನು, ಅಂದರೆ ನಳಿಗೆಯ ಹಿಂತುದಿಯಲ್ಲಿ ತೋಟಾ ಕೂರುವ ಗೂಡನ್ನು, ಕಣ್ಣಿಂದ ನೋಡಿ, ಕಿರುಬೆರಳಿಂದಲೂ ಮುಟ್ಟಿ ನೋಡಿ. ಮೇಜಿನ ಮೇಲೆ ಮಾಡುವ ಪ್ರಯೋಗಗಳಿಗೆಲ್ಲ ಮದ್ದಿಲ್ಲದ ನಕಲಿ ತೋಟಾ ಬಳಸಿ. ನಿಜವಾದ ತೋಟಾ ಆ ಕೋಣೆಯಲ್ಲೇ ಇರಬಾರದು. ಗುರಿ ಮೈದಾನದಲ್ಲಿ ಟ್ರಿಗರ್ ಒತ್ತಿದಾಗ ಸಿಡಿಯದಿದ್ದರೆ ನಳಿಗೆಯನ್ನು ಗುರಿಯ ಕಡೆಗೇ ಹಿಡಿದು 30 ಸೆಕೆಂಡ್ ಕಾಯಿರಿ. ಎಂದಿನ ಸದ್ದಿನ ಬದಲು ಸಣ್ಣಗೆ 'ಪುಸ್' ಅಂದರೆ ಗುಂಡು ನಳಿಗೆಯಲ್ಲೇ ಉಳಿದಿರಬಹುದು. ಅಲ್ಲಿಗೆ ನಿಲ್ಲಿಸಿ. ರೈಫಲ್ ಖಾಲಿ ಮಾಡಿ ನಳಿಗೆ ಪೂರ್ತಿ ತೆರೆದಿದೆ ಎಂದು ಖಚಿತವಾಗುವವರೆಗೆ ಮುಂದಿನ ತೋಟಾ ಬೇಡ.

ಇನ್ನೊಂದು ಗೊಂದಲ. ಕೊನೆಯ ತೋಟಾ ಮುಗಿದಾಗ 10/22ರ ಬೋಲ್ಟ್ ಹಿಂದೆ ನಿಲ್ಲುವುದಿಲ್ಲ, ಮುಚ್ಚಿಕೊಳ್ಳುತ್ತದೆ. ಲೆಕ್ಕ ತಪ್ಪಿದವರು ಮತ್ತೆ ಟ್ರಿಗರ್ ಒತ್ತಿ, ಬರೀ 'ಟಕ್' ಎಂದದ್ದನ್ನು ಕೇಳಿ, ತೋಟಾ ಮೇಲೆ ಬರಲಿಲ್ಲ ಅಂದುಕೊಳ್ಳುತ್ತಾರೆ. ಎಣಿಸಿ ಹೊಡೆಯಿರಿ.

ಈಗ ಮುಖ್ಯ ವಿಷಯ. 'ಫೀಡ್ ಆಗ್ತಿಲ್ಲ', ಅಂದರೆ ತೋಟಾ ಮ್ಯಾಗಝೀನಿನಿಂದ ಚೇಂಬರಿಗೆ ಹೋಗ್ತಿಲ್ಲ, ಎಂಬ ಒಂದೇ ದೂರಿನೊಳಗೆ ಬೇರೆಬೇರೆ ಕಾಯಿಲೆಗಳಿವೆ. ಸಿಕ್ಕಿಕೊಂಡ ಕೂಡಲೇ ಬೋಲ್ಟ್ ಎಳೆದು ಕೊಡವಿಬಿಟ್ಟರೆ ಸಾಕ್ಷಿಯೇ ಹೋಯಿತು. ನಳಿಗೆ ಗುರಿಯ ಕಡೆಗೇ ಇರಲಿ, ಬೆರಳು ಟ್ರಿಗರಿನಿಂದ ದೂರವಿರಲಿ; ಬದಿಯ ಕಿಂಡಿಯನ್ನು ಒಮ್ಮೆ ಸರಿಯಾಗಿ ನೋಡಿ, ಆಮೇಲೆ ಬಿಡಿಸಿ. ತೋಟಾದ ಮೂಗು ನಳಿಗೆಯ ಬಾಯಿಯ ಕೆಳತುಟಿಗೆ ಗುದ್ದಿ ನಿಂತಿದ್ದರೆ ಮ್ಯಾಗಝೀನು ತಗ್ಗಾಗಿ ಕೂತಿದೆ, ಇಲ್ಲವೇ ತೋಟಾವನ್ನು ಬೇಕಾದ ಕೋನಕ್ಕೆ ಎತ್ತುತ್ತಿಲ್ಲ. ತೋಟಾ ಮ್ಯಾಗಝೀನಿನಲ್ಲೇ ಉಳಿದು ಬೋಲ್ಟ್ ಅದರ ಮೇಲೆ ಹಾದು ಹೋಗಿದ್ದರೆ ಒಂದೋ ಬೋಲ್ಟ್ ಸಾಕಷ್ಟು ಹಿಂದೆ ಹೋಗಿಲ್ಲ, ಒಂದೋ ತೋಟಾ ಮೇಲೇಳುವುದು ತಡವಾಗಿದೆ. ಮೂಗು ಚೇಂಬರಿನೊಳಗೆ ಹೋಗಿಯೂ ಬೋಲ್ಟ್ ಎರಡು-ಮೂರು ಮಿಲಿಮೀಟರ್ ತೆರೆದೇ ಉಳಿದರೆ ಚೇಂಬರ್ ಕೊಳೆಯಾಗಿದೆ ಅಥವಾ ಆ ತೋಟಾಕ್ಕೆ ಬಿಗಿಯಾಗಿದೆ. ಖಾಲಿ ಕೇಸ್ (ಸಿಡಿದ ತೋಟಾದ ಹಿತ್ತಾಳೆ ಕೋಶ) ಕಿಂಡಿಯಲ್ಲಿ ಒಲೆಯ ಕೊಳವೆಯ ಹಾಗೆ ನೆಟ್ಟಗೆ ನಿಂತಿದ್ದರೆ, ಅಥವಾ ಚೇಂಬರಿನಲ್ಲೇ ಕೂತು ಹಿಂದಿನಿಂದ ಹೊಸ ತೋಟಾ ಬಂದು ಗುದ್ದಿದ್ದರೆ, ಅದು ಫೀಡಿಂಗ್ ತೊಂದರೆಯೇ ಅಲ್ಲ. ಹಳೆಯದು ಹೊರಗೆ ಹೋಗುತ್ತಿಲ್ಲ, ಹೊಸದಕ್ಕೆ ಜಾಗ ಇಲ್ಲ. ಇದನ್ನು ತಿಳಿಯದೆ ಮ್ಯಾಗಝೀನಿನ ಮೇಲೆ ಮ್ಯಾಗಝೀನು ಕೊಳ್ಳುವವರಿದ್ದಾರೆ.

ಬಂದ ದೂರುಗಳನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಳ್ಳಿ: ಯಾವ ಮ್ಯಾಗಝೀನು, ಎಷ್ಟನೇ ತೋಟಾ, ಎಲ್ಲಿ ನಿಂತಿತು. ಉಗುರು ಬಣ್ಣದಿಂದ ಪ್ರತಿ ಮ್ಯಾಗಝೀನಿಗೂ ಒಂದು ಸಂಖ್ಯೆ ಹಾಕಿ. ಒಂದೊಂದರಲ್ಲೂ ಐದು ಬಾರಿ ತುಂಬಿ, ಅಂದರೆ 50 ತೋಟಾ, ಒಂದೇ ಪೆಟ್ಟಿಗೆಯದು. ತೊಂದರೆ ಒಂದು ಸಂಖ್ಯೆಯನ್ನೇ ಹಿಂಬಾಲಿಸಿದರೆ ರೈಫಲನ್ನು ಬಿಚ್ಚುವ ಅಗತ್ಯವೇ ಇಲ್ಲ. ಹೋಲಿಸಿ ನೋಡಲು ರೂಗರ್ ಕಂಪನಿಯದೇ ಹತ್ತರ ಮ್ಯಾಗಝೀನು ಒಂದಾದರೂ ಕೈಯಲ್ಲಿರಲಿ. 25ರ ಮ್ಯಾಗಝೀನಿನಿಂದ ರೋಗ ಹುಡುಕುವ ಕೆಲಸ ಶುರು ಮಾಡಬೇಡಿ.

ಹತ್ತರ ಮ್ಯಾಗಝೀನಿನ ಒಳಗೆ ಒಂದು ರೋಟರ್ ಇದೆ, ಹಲ್ಲಿನ ಚಕ್ರದ ಹಾಗೆ. ಸುರುಳಿ ಸ್ಪ್ರಿಂಗ್ ಅದನ್ನು ತಿರುಗಿಸುತ್ತಾ ಒಂದೊಂದೇ ತೋಟಾವನ್ನು ಉಕ್ಕಿನ ತುಟಿಗಳ ಕೆಳಗೆ ತಂದು ನಿಲ್ಲಿಸುತ್ತದೆ. ಪಾಯಿಂಟ್ 22 ಗುಂಡಿನ ಮೈಗೆ ಸಾಮಾನ್ಯವಾಗಿ ಮೇಣ ಸವರಿರುತ್ತದೆ. ಅದು, ಸುಡದೆ ಉಳಿದ ಮದ್ದಿನ ಕಾಳು, ಮೇಲಿಂದ ಸುರಿದ ಎಣ್ಣೆ, ಮೂರೂ ಸೇರಿ ರೋಟರಿನ ಸಂದಿಯಲ್ಲಿ ಕಾಡಿಗೆಯಂಥ ಅಂಟು ಕಟ್ಟುತ್ತದೆ. ಖಾಲಿ ಮ್ಯಾಗಝೀನಿನಲ್ಲಿ ರೋಟರನ್ನು ಬೆರಳಿಂದ ಒತ್ತಿ ಬಿಡಿ. ಚಟ್ಟನೆ ಹಿಂದಿರುಗಬೇಕು. ಸೋಮಾರಿಯಾಗಿ ತೆವಳಿದರೆ ತೊಳೆಯಬೇಕು. ಒಣಗಿದ ಮೇಲೆ ಒಳಗೆ ಎಣ್ಣೆ ಹಾಕಬಾರದು. ಕೊನೆಯ ಒಂದೆರಡು ತೋಟಾದಲ್ಲಿ ಮಾತ್ರ ತೊಂದರೆ ಬರುತ್ತಿದ್ದರೆ ಸ್ಪ್ರಿಂಗಿನ ಬಿಗಿ ಸಡಿಲವಾಗಿದೆ ಎಂದೇ ಮೊದಲ ಅನುಮಾನ. ಬಿಚ್ಚಲೇಬೇಕಾದರೆ ಹಿಂದಿನ ನಟ್ಟು ಎಲ್ಲಿತ್ತು ಎಂದು ಗುರುತು ಹಾಕಿಕೊಂಡೇ ಬಿಚ್ಚಿ. ಬಿಗಿ ಮರಳಿ ಕೊಡಲು ಬಾರದವರು ಹೊಸದು ತರುವುದೇ ಮೇಲು. ತುಟಿಗಳನ್ನು ಇಕ್ಕಳದಿಂದ ಬಗ್ಗಿಸುವುದು ಮಾತ್ರ ಬೇಡ. ಕೋನ ಒಮ್ಮೆ ಕೆಟ್ಟರೆ ಮತ್ತೆ ಕೂಡಿಸಲಾಗದು.

ಮ್ಯಾಗಝೀನು ಚೆನ್ನಾಗಿದ್ದೂ ಮೂಗು ಕೆಳಗೆ ಗುದ್ದುತ್ತಿದ್ದರೆ ಸ್ಟಾಕನ್ನು ನೋಡಿ. ಮನೆಯಲ್ಲಿ ಜೋಡಿಸಿದ ರೈಫಲ್‌ಗಳಲ್ಲಿ ಇದನ್ನು ಅನುಮಾನಿಸುವವರೇ ಕಡಿಮೆ. ಬೇರೆ ತಯಾರಕರ ಸ್ಟಾಕಿನಲ್ಲಿ ಮ್ಯಾಗಝೀನಿನ ಗೂಡು ಒಂದು ಕಡೆ ಕೂದಲೆಳೆ ಕಿರಿದಾಗಿದ್ದರೂ ಮ್ಯಾಗಝೀನು 'ಕ್ಲಿಕ್' ಅನ್ನುತ್ತದೆ, ಆದರೆ ಪೂರ್ತಿ ಮೇಲೇರಿರುವುದಿಲ್ಲ. ಪರೀಕ್ಷೆ ಸುಲಭ. ಸ್ಟಾಕ್ ಕಳಚಿ, ಬರೀ ರಿಸೀವರಿಗೆ ಮ್ಯಾಗಝೀನು ಹಾಕಿ, ನಕಲಿ ತೋಟಾ ಹತ್ತನ್ನೂ ಕೈಯಿಂದ ಬೋಲ್ಟ್ ಎಳೆದೆಳೆದು ಬಿಟ್ಟು ನೋಡಿ. ಬೋಲ್ಟನ್ನು ಮೆಲ್ಲಗೆ ನಡೆಸಬೇಡಿ, ಪೂರ್ತಿ ಎಳೆದು ಕೈ ಬಿಟ್ಟುಬಿಡಿ. ಸ್ಟಾಕ್ ಇಲ್ಲದಾಗ ಹತ್ತೂ ಸರಾಗ ಹೋಗಿ, ಸ್ಟಾಕ್ ಹಾಕಿದಾಗ ಸಿಕ್ಕಿಕೊಂಡರೆ ಕಾರಣ ಸಿಕ್ಕಂತೆಯೇ. ಮ್ಯಾಗಝೀನಿನ ಬದಿಗೆ ಸೀಮೆಸುಣ್ಣ ಸವರಿ ಹಾಕಿ ತೆಗೆದರೆ ಎಲ್ಲಿ ಉಜ್ಜುತ್ತಿದೆ ಎಂದು ಸ್ಟಾಕಿನ ಮೇಲೆ ಬಿಳಿ ಬೀಳುತ್ತದೆ. ಅಷ್ಟು ಜಾಗವನ್ನು ಮಾತ್ರ ಸ್ಯಾಂಡ್ ಪೇಪರಿನಿಂದ ಸವೆಸಿ.

ಮ್ಯಾಗಝೀನು ಚುರುಕಾಗಿದ್ದೂ ಬೋಲ್ಟ್ ತೋಟಾದ ಮೇಲೆ ಹಾದು ಹೋಗುತ್ತಿದ್ದರೆ ಅದಕ್ಕೆ ಓಡಲು ಶಕ್ತಿ ಸಾಲುತ್ತಿಲ್ಲ ಎಂದು ತಿಳಿಯಿರಿ. ಇಲ್ಲಿ ಅನಿಲದ ಕೊಳವೆ, ಪಿಸ್ಟನ್ ಏನೂ ಇಲ್ಲ. ಸಿಡಿದ ಕೇಸ್ ಹಿಂದಕ್ಕೆ ಒದೆಯುತ್ತದೆ, ಬೋಲ್ಟಿನ ತೂಕವೂ ಸ್ಪ್ರಿಂಗೂ ತಡೆಯುತ್ತವೆ, ಅಷ್ಟೇ. ಆದ್ದರಿಂದ ತೋಟಾದ ಬಿರುಸು, ಸ್ಪ್ರಿಂಗಿನ ಬಿಗಿ ಮತ್ತು ಬೋಲ್ಟಿನ ಹಾದಿಯ ನುಣುಪು ಲೆಕ್ಕಕ್ಕೆ ಬರುತ್ತವೆ. ಸಿಸಿಐ ಕಂಪನಿಯ ಮಿನಿ-ಮ್ಯಾಗ್ ತೋಟಾ 40 ಗ್ರೇನ್ (ಸುಮಾರು 2.6 ಗ್ರಾಂ) ಗುಂಡನ್ನು ಸೆಕೆಂಡಿಗೆ 1,235 ಅಡಿಯ ವೇಗದಲ್ಲಿ ಕಳಿಸುತ್ತದೆ. ಅದೇ ಕಂಪನಿಯ ಸ್ಟ್ಯಾಂಡರ್ಡ್ ವೆಲಾಸಿಟಿ ಅದೇ ತೂಕದ ಗುಂಡನ್ನು 1,070 ಅಡಿಯಲ್ಲಿ. ಬಿಗಿ ಸ್ಪ್ರಿಂಗಿನ ಹೊಸ ಗೈಡ್ ರಾಡ್ (ಬೋಲ್ಟಿನ ಸ್ಪ್ರಿಂಗ್ ಕೂರುವ ಕಡ್ಡಿ) ಹಾಕಿದವರಿಗೆ ಮೊದಲನೆಯದು ಸರಾಗ ಓಡಿ ಎರಡನೆಯದು ತೊಡರಿದರೆ ಆಶ್ಚರ್ಯ ಬೇಡ. ಮೂಲ ಸ್ಪ್ರಿಂಗನ್ನೇ ಹಾಕಿ ಮತ್ತೆ ನೋಡಿ. ಸ್ಪ್ರಿಂಗಿನ ಸುರುಳಿ ಕತ್ತರಿಸಿ ಸಡಿಲಿಸುವ ಉಪಾಯ ಕೆಟ್ಟದ್ದು, ಬೋಲ್ಟ್ ಮುಂದೆ ಬಂದು ಮುಚ್ಚುವ ಬಲವೇ ಹೋಗುತ್ತದೆ.

ತೋಟಾ ಯಾವುದಾದರೂ ಬೋಲ್ಟ್ ಮಂದವಾಗಿಯೇ ಓಡಿದರೆ ಸ್ಕೋಪ್ ಕೂರಿಸಿದ ಪಟ್ಟಿಯ ಸ್ಕ್ರೂಗಳನ್ನು ನೋಡಿ. ಹೊಸ ಪಟ್ಟಿಯ ಜೊತೆ ಬಂದ ಸ್ಕ್ರೂ ಅರ್ಧ ಮಿಲಿಮೀಟರ್ ಉದ್ದವಾಗಿದ್ದರೂ ರಿಸೀವರಿನ ಚಾವಣಿಯಿಂದ ಒಳಗೆ ಇಣುಕಿ ಬೋಲ್ಟಿನ ಬೆನ್ನನ್ನು ಉಜ್ಜುತ್ತದೆ. ಬೋಲ್ಟ್ ಹೊರತೆಗೆದು ದೀಪದ ಕೆಳಗೆ ಓರೆಯಾಗಿ ಹಿಡಿಯಿರಿ. ಕಪ್ಪು ಮೈಮೇಲೆ ನೂಲಿನಷ್ಟು ಸಪೂರದ, ಮುಂದಿನಿಂದ ಹಿಂದಿನವರೆಗೆ ನೇರ ಹೊಳೆಯುವ ಒಂದೇ ಗೀರು ಕಂಡರೆ ಅದು ಸ್ಕ್ರೂವಿನದು. ಸಹಜ ಸವೆತ ಅಗಲವಾಗಿ, ಮಂಕಾಗಿ ಇರುತ್ತದೆ. ಪಟ್ಟಿ ತೆಗೆದು ಬೋಲ್ಟ್ ಹಗುರವಾಗಿ ಓಡುತ್ತದೆಯೇ ನೋಡಿ, ಆಮೇಲೆ ಸ್ಕ್ರೂವನ್ನು ಗಿಡ್ಡ ಮಾಡಿ. ಅಮೆರಿಕದ ಉತ್ತರದ ಮಿನಸೋಟ ರಾಜ್ಯದಂಥ ಕಡೆಯ ಚಳಿಯಲ್ಲಿ ದಪ್ಪ ಎಣ್ಣೆಯೂ ಇದೇ ಲಕ್ಷಣ ತೋರಿಸುತ್ತದೆ. ಬೋಲ್ಟಿಗೆ ಬೆರಳ ತುದಿಯಲ್ಲಿ ಸವರಿದಷ್ಟು ತೆಳು ಎಣ್ಣೆ ಸಾಕು.

ಚೇಂಬರ್ ವಿಷಯಕ್ಕೆ ಬಂದರೆ, ಕಾರ್ಖಾನೆಯ ನಳಿಗೆ ಬಿಟ್ಟು ನಿಖರತೆಗಾಗಿ ಮ್ಯಾಚ್ ಚೇಂಬರಿನ, ಅಂದರೆ ಗುರಿ ಸ್ಪರ್ಧೆಗೆಂದು ಕೊರೆದ ಚೇಂಬರಿನ, ನಳಿಗೆ ಹಾಕಿಕೊಂಡವರಿಗೆ ಇದು ಅನ್ವಯಿಸುತ್ತದೆ. ಅದು ಬಿಗಿ, ಗುಂಡಿನ ಮೈ ನಳಿಗೆಯ ಒಳಗಿನ ಸುರುಳಿ ಗೆರೆಗಳಿಗೆ ಒತ್ತಿ ಕೂರುತ್ತದೆ, ಸ್ವಲ್ಪ ಮೇಣ ಕಟ್ಟಿದರೂ ಬೋಲ್ಟ್ ಪೂರ್ತಿ ಮುಚ್ಚುವುದಿಲ್ಲ. ಅರೆ-ಸ್ವಯಂಚಾಲಿತಕ್ಕೆ ಬೆಂಟ್ಜ್ ಎಂಬ ಅಳತೆಯ ಚೇಂಬರ್ ಒಳ್ಳೆಯ ರಾಜಿ, ಮ್ಯಾಚಿನಷ್ಟು ಬಿಗಿಯಲ್ಲ, ಸಾಧಾರಣದಷ್ಟು ಸಡಿಲವೂ ಅಲ್ಲ. ಸಿಸಿಐ ಸ್ಟಿಂಗರ್ ತೋಟಾದ ಕೇಸ್ ಮಾಮೂಲಿಗಿಂತ ಉದ್ದ. ಬಿಗಿ ಚೇಂಬರಿಗೆ ಅದು ಸಲ್ಲದು. ಬೋಲ್ಟ್ ಪೂರ್ತಿ ಮುಚ್ಚದಿದ್ದಾಗ ಹಿಡಿಯನ್ನು ಹೆಬ್ಬೆರಳಿಂದ ಮುಂದೆ ತಳ್ಳಿ ಹೊಡೆಯುವ ಅಭ್ಯಾಸ ಅಪಾಯ. ಪಾಯಿಂಟ್ 22ರಲ್ಲಿ ಸಿಡಿಮದ್ದು ಅಂಚಿನಲ್ಲೇ ಇರುತ್ತದೆ; ಅರೆತೆರೆದ ಬೋಲ್ಟಿನಲ್ಲಿ ಸಿಡಿದರೆ ಹಿತ್ತಾಳೆಯ ಚೂರು ಮುಖಕ್ಕೆ ಬರುತ್ತದೆ. ರಕ್ಷಣಾ ಕನ್ನಡಕವಿಲ್ಲದೆ ಕೂರಲೇಬೇಡಿ. ಚೇಂಬರಿಗೆ ದ್ರಾವಕ ಹಾಕಿ 15 ನಿಮಿಷ ಬಿಟ್ಟು, ಕಂಚಿನ ಕುಂಚವನ್ನು ಕೈಯಿಂದಲೇ ತಿರುಗಿಸಿ ಉಜ್ಜಿ. ಡ್ರಿಲ್ ಯಂತ್ರಕ್ಕೆ ಸಿಕ್ಕಿಸಿ ಹೊಳಪು ಕೊಡುವ ಆಸೆ ಬೇಡ, ಚೇಂಬರಿನ ಅಂಚು ಉರುಟಾದರೆ ನಳಿಗೆಯೇ ಹೋಯಿತು.

ಖಾಲಿ ಕೇಸ್ ಹೊರಬರದಿದ್ದರೆ ಅದನ್ನು ಎಳೆದು ತೆಗೆಯುವ ಎಕ್ಸ್‌ಟ್ರಾಕ್ಟರ್ ಕೊಕ್ಕೆಯನ್ನು ನೋಡಿ. ಕೊಕ್ಕೆಯ ತುದಿ ಚೂಪಾಗಿರಬೇಕು. ಸೂಜಿಯಿಂದ ಅದರ ಹಿಂದಿನ ಮಸಿ ಕೆದಕಿ ತೆಗೆಯಿರಿ. ಅಲ್ಲಿ ಕಟ್ಟಿದ ಮಸಿ ಸ್ಪ್ರಿಂಗನ್ನೇ ಕೆಲಸ ಮಾಡಗೊಡುವುದಿಲ್ಲ. ನಳಿಗೆಯ ಹಿಂಬದಿಯಲ್ಲಿ ಈ ಕೊಕ್ಕೆಗೆಂದೇ ಕೊರೆದ ಒಂದು ಕಚ್ಚು ಇದೆ. ನಳಿಗೆ ಕೂರಿಸುವಾಗ ಅದು ಕೂದಲೆಳೆ ತಿರುಗಿದ್ದರೂ ಕೊಕ್ಕೆ ನಳಿಗೆಯ ಅಂಚಿಗೆ ಬಡಿಯುತ್ತದೆ. ಕೊಕ್ಕೆಯ ತುದಿಯಲ್ಲಿ ಚಪ್ಪಟೆಯಾದ ಹೊಳಪು ಕಂಡರೆ ಕಾರಣ ಇದೇ. ವಿ-ಬ್ಲಾಕ್ ಸಡಿಲಿಸಿ ನಳಿಗೆ ನೇರ ಮಾಡಿ, ಎರಡು ಸ್ಕ್ರೂಗಳನ್ನೂ ಒಂದಾದ ಮೇಲೊಂದು ಅರ್ಧರ್ಧ ಸುತ್ತಿನಂತೆ ಬಿಗಿಯಿರಿ. ಒಂದನ್ನೇ ಪೂರ್ತಿ ಬಿಗಿದರೆ ನಳಿಗೆ ಓರೆಯಾಗುತ್ತದೆ.

ಬೋಲ್ಟಿನ ಮುಖವೂ ನಳಿಗೆಯೂ ಬೇರೆಬೇರೆ ತಯಾರಕರದ್ದಾದರೆ ಮುಚ್ಚಿದ ಬೋಲ್ಟಿನಲ್ಲಿ ತೋಟಾದ ಅಂಚಿಗೆ ಸಿಗುವ ಜಾಗ, ಅಂದರೆ ಹೆಡ್‌ಸ್ಪೇಸ್ ಅಳೆಯಲೇಬೇಕು. ತೋಟಾದ ಅಂಚಿನ ದಪ್ಪ ಹೆಚ್ಚೆಂದರೆ 0.043 ಇಂಚು; ಬೋಲ್ಟಿನಲ್ಲಿ ಅದಕ್ಕಿಂತ ಕಡಿಮೆ ಜಾಗವಿದ್ದರೆ ಮುಚ್ಚುವುದಿಲ್ಲ, ಅತಿಯಾಗಿ ಹೆಚ್ಚಿದ್ದರೆ ತೋಟಾ ಸಿಡಿಸುವ ಸೂಜಿಯ ಪೆಟ್ಟು ಮೆತ್ತಗಾಗಬಹುದು, ಕೇಸ್ ಉಬ್ಬಬಹುದು ಅಥವಾ ಬಿರಿಯಬಹುದು. ಉಬ್ಬಿದ ಕೇಸ್ ಒಂದು ಕಂಡರೂ ಅಲ್ಲಿಗೆ ನಿಲ್ಲಿಸಿ ಪರವಾನಗಿ ಉಳ್ಳ ಬಂದೂಕು ರಿಪೇರಿಯವರಿಗೆ ಕೊಡಿ. ಬೋಲ್ಟಿನ ಮುಖ ತೇಯುವುದು ಮನೆಯ ಅರದಿಂದ ಮಾಡುವ ಕೆಲಸವಲ್ಲ.

ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ, ಮತ್ತೆ ಅದೇ ಪೆಟ್ಟಿಗೆಯ 50 ತೋಟಾ ಹೊಡೆಯಿರಿ. ಸ್ಪ್ರಿಂಗ್, ಮ್ಯಾಗಝೀನು, ತೋಟಾ ಮೂರನ್ನೂ ಒಂದೇ ದಿನ ಬದಲಾಯಿಸಿ ಸರಿಹೋದರೆ ಯಾವುದರಿಂದ ಸರಿಹೋಯಿತು ಎಂದು ಗೊತ್ತಾಗುವುದಿಲ್ಲ, ಮುಂದಿನ ಚಳಿಗಾಲಕ್ಕೆ ಮತ್ತೆ ಮೊದಲಿನಿಂದ ಹುಡುಕಬೇಕು. ಸಂಖ್ಯೆ ಹಾಕಿದ ಎಲ್ಲ ಮ್ಯಾಗಝೀನುಗಳಲ್ಲೂ 50-50 ತೋಟಾ ತಡೆಯಿಲ್ಲದೆ ಹೋದ ಮೇಲೆ ಅವೇ ಮ್ಯಾಗಝೀನುಗಳನ್ನು ಇನ್ನೊಂದು ಬಗೆಯ ತೋಟಾದಿಂದ ತುಂಬಿ ನೋಡಿ, ಚೀಟಿಯಲ್ಲಿ ಅದನ್ನೂ ಬರೆದಿಡಿ.