ಏನೂ ಕಡಿಮೆ ಇಲ್ಲ, ಆದರೆ ಸೀಟಿಲ್ಲ

"ಹಾಗಾದ್ರೆ ನನ್ನಲ್ಲಿ ಏನು ಕಡಿಮೆ ಆಯ್ತು?" ಅಂತ ಹುಡುಗಿ ಕೇಳಿದಳು.

"ಏನೂ ಕಡಿಮೆ ಇಲ್ಲ" ಅಂದರು ಮೇಷ್ಟ್ರು.

ಮೊನ್ನೆ ಗುರುವಾರದಿಂದ ಈ ಎರಡು ಮಾತು ನನ್ನ ತಲೆಯಿಂದ ಇಳಿಯುತ್ತಿಲ್ಲ. ಮೇಷ್ಟ್ರು ಸಮಾಧಾನಕ್ಕೆ ಹಾಗೆ ಅಂದಿದ್ದರೆ ಅಲ್ಲೇ ಮರೆತುಬಿಡುತ್ತಿದ್ದೆ. ಅವರು ಹೇಳಿದ್ದು ನಿಜವೇ ಆಗಿತ್ತು. ಕಷ್ಟ ಇರುವುದೇ ಅಲ್ಲಿ.

ಲಂಡನ್ನಿನ ದಕ್ಷಿಣದ ಅಂಚಿನಲ್ಲಿ ನಮ್ಮ ಮನೆ. ಎರಡು ಬೀದಿ ಆಚೆ ದಾವಣಗೆರೆ ಕಡೆಯ ಒಂದು ಕುಟುಂಬ ಇದೆ. ಅವರ ಮಗಳಿಗೆ ಗುರುವಾರ ಜಿಸಿಎಸ್‌ಇ ರಿಸಲ್ಟ್, ಅಂದರೆ ನಮ್ಮ ಎಸ್‌ಎಸ್‌ಎಲ್‌ಸಿ ಇದ್ದ ಹಾಗೆ ಹದಿನಾರನೇ ವಯಸ್ಸಿನ ಪರೀಕ್ಷೆ. ಅಮ್ಮನಿಗೆ ಆಸ್ಪತ್ರೆಯಲ್ಲಿ ಡ್ಯೂಟಿ, ಅಪ್ಪನಿಗೆ ಆಫೀಸಿನಲ್ಲಿ ತಪ್ಪಿಸಲಾಗದ ಮೀಟಿಂಗು. "ಅಕ್ಕಾ, ನೀವೊಬ್ಬರು ಜೊತೆಗೆ ಹೋದರೆ ನಮಗೆ ಧೈರ್ಯ" ಅಂದರು. ಕಾರು ತೆಗೆದುಕೊಂಡು ಹೋದೆ.

ಬೆಳಿಗ್ಗೆ ಅವಳದೇ ಶಾಲೆಯಲ್ಲಿ ಲಕೋಟೆ ಕೊಟ್ಟರು. ಕಾರಿನಲ್ಲಿ ಕೂತು ಒಡೆದಳು. ಎರಡು 8, ಆರು 7, ಉಳಿದೆರಡು 6. 2017ರಿಂದ ಇಲ್ಲಿ ಎ, ಬಿ, ಸಿ ಹೋಗಿ 9ರಿಂದ 1ರವರೆಗೆ ಅಂಕಿಗಳು ಬಂದಿವೆ. 7 ಅಂದರೆ ಹಳೆಯ ಎ. ಊರಲ್ಲಿ ಆಗಿದ್ದರೆ ಇಷ್ಟು ಹೊತ್ತಿಗೆ ಅವಳ ಅಜ್ಜಿ ಗಣಪತಿ ಗುಡಿಗೆ ತೆಂಗಿನಕಾಯಿ ಕಳಿಸಿರುತ್ತಿದ್ದರು. ಇವಳು ಮಾತ್ರ ಖುಷಿಪಡುವ ಮೊದಲೇ ಫೋನಿನಲ್ಲಿ ಕೂಡಿಸತೊಡಗಿದಳು. "58 ಆಂಟಿ. ಸಾಕಾ ಇದು?"

ಸಾಕಾ ಅಂತ ಕೇಳಲು ಕಾರಣ ಇತ್ತು. ಇಲ್ಲಿ ಪರೀಕ್ಷೆ ಮಾಡಿ ಮಕ್ಕಳನ್ನು ಆರಿಸಿಕೊಳ್ಳುವ ಸರ್ಕಾರಿ ಶಾಲೆಗೆ ಗ್ರಾಮರ್ ಶಾಲೆ ಅನ್ನುತ್ತಾರೆ. ಹತ್ತಿರದ ಗ್ರಾಮರ್ ಶಾಲೆಯ ಸಿಕ್ಸ್ತ್ ಫಾರ್ಮ್‌ಗೆ, ಅಂದರೆ ನಮ್ಮ ಪಿಯುಸಿ ಇದ್ದ ಹಾಗೆ ಹನ್ನೆರಡು, ಹದಿಮೂರನೇ ವರ್ಷದ ತರಗತಿಗೆ, ಚಳಿಗಾಲದಲ್ಲೇ ಅರ್ಜಿ ಹಾಕಿದ್ದಳು. ಷರತ್ತಿನ ಆಫರ್ ಬಂದಿತ್ತು. ಚೆನ್ನಾಗಿ ಬಂದ ಎಂಟು ವಿಷಯ ಕೂಡಿಸಿ 52 ಪಾಯಿಂಟ್ ಆಗಬೇಕು. ಎ ಲೆವೆಲ್‌ನಲ್ಲಿ, ಅಂದರೆ ಆ ಎರಡು ವರ್ಷದ ಕೋರ್ಸಿನಲ್ಲಿ, ಓದಲು ಹೊರಟ ವಿಷಯಗಳಲ್ಲಿ 7 ಇರಬೇಕು. ಎರಡೂ ಆಗಿತ್ತು. ಆ ಪತ್ರದಲ್ಲಿ ಇನ್ನೊಂದು ಸಾಲೂ ಇತ್ತು: ಹೊರಗಿನಿಂದ ಬರುವವರಿಗೆ 40 ಸೀಟು, ಅರ್ಹರು ಅದಕ್ಕಿಂತ ಜಾಸ್ತಿ ಇದ್ದರೆ ಪಾಯಿಂಟ್ ಪ್ರಕಾರ ಮೇಲಿನಿಂದ ತೆಗೆದುಕೊಳ್ಳುತ್ತೇವೆ. ಅವಳ ಅಪ್ಪ ಆ ಸಾಲಿಗೆ ಹಳದಿ ಬಣ್ಣ ಬಳಿದು ಫ್ರಿಜ್ ಬಾಗಿಲಿಗೆ ಅಂಟಿಸಿದ್ದರು. ಒಳ್ಳೆಯ ಮನುಷ್ಯ, ಆದರೆ ಮನೆಯಲ್ಲಿ ಒಬ್ಬರೂ ನೆಮ್ಮದಿಯಾಗಿ ಹಾಲು ತೆಗೆದುಕೊಳ್ಳದ ಹಾಗೆ ಮಾಡಿಬಿಡುತ್ತಾರೆ.

ಗ್ರಾಮರ್ ಶಾಲೆಯ ಹಾಲ್‌ನಲ್ಲಿ ಎರಡು ಸಾಲು. ಬಲಗಡೆ ಅದೇ ಶಾಲೆಯ ಮಕ್ಕಳು, ಎಡಗಡೆ ಹೊರಗಿನವರು. ಅದು ಗಂಡುಮಕ್ಕಳ ಶಾಲೆ. ಇಂಥ ಎಷ್ಟೋ ಶಾಲೆಗಳಲ್ಲಿ ಸಿಕ್ಸ್ತ್ ಫಾರ್ಮ್‌ಗೆ ಮಾತ್ರ ಹೆಣ್ಣುಮಕ್ಕಳನ್ನೂ ಸೇರಿಸುತ್ತಾರೆ. ಹಾಗಾಗಿ ಬಲಗಡೆ ಬರೀ ಹುಡುಗರು, ಹೆಗಲ ಮೇಲೆ ಕೈಹಾಕಿಕೊಂಡು ಗಲಾಟೆ. ಎಡಗಡೆ ಅರ್ಧಕ್ಕಿಂತ ಜಾಸ್ತಿ ಹುಡುಗಿಯರು, ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಫೋಲ್ಡರ್, ಪಕ್ಕದಲ್ಲಿ ಅಮ್ಮನೋ ಅಪ್ಪನೋ. ಮಾತೇ ಇಲ್ಲ.

ನಮ್ಮ ಸಾಲಿನ ಮೇಜಿನಲ್ಲಿದ್ದವರು ಐವತ್ತು ದಾಟಿದ ಮೇಷ್ಟ್ರು. ಕುತ್ತಿಗೆಯಲ್ಲಿ ನೇತಾಡುವ ಐಡಿ ಕಾರ್ಡು, ಎದುರಿಗೆ ಪ್ರಿಂಟ್ ಮಾಡಿದ ಪಟ್ಟಿ. ಬೇರೆ ಮಕ್ಕಳ ಹೆಸರು ಕಾಣಬಾರದು ಅಂತ ಪಟ್ಟಿಯ ಮೇಲೊಂದು ಖಾಲಿ ಹಾಳೆ, ಕೆಳಗೊಂದು ಖಾಲಿ ಹಾಳೆ. ನಡುವೆ ಒಂದೇ ಸಾಲು ಕಾಣುವಷ್ಟು ಸಂದಿ. ಮಗು ಬಂದು ಹೆಸರು ಹೇಳಿದರೆ ಎರಡೂ ಹಾಳೆ ನಿಧಾನವಾಗಿ ಸರಿಸಿ ಆ ಹೆಸರಿಗೆ ನಿಲ್ಲಿಸುತ್ತಿದ್ದರು. ಅವರ ಈ ಜಾಗರೂಕತೆ ನೋಡಿ ನನಗೆ ಅವರ ಮೇಲೆ ಗೌರವವೇ ಬಂತು. ಆಮೇಲೆ ಕೋಪ ಮಾಡಿಕೊಳ್ಳೋಣ ಅಂದರೂ ಆಗಲಿಲ್ಲ.

ಹಾಳೆ ಇವಳ ಹೆಸರಿಗೆ ನಿಂತಿತು. ಅವರು ಒಮ್ಮೆ ಅವಳ ರಿಸಲ್ಟ್ ಚೀಟಿ ನೋಡಿದರು, ಒಮ್ಮೆ ಪಟ್ಟಿ ನೋಡಿದರು. "ತುಂಬಾ ಒಳ್ಳೆಯ ರಿಸಲ್ಟ್, ಅಭಿನಂದನೆ. ಈಗ ನೀನು ವೇಟಿಂಗ್ ಲಿಸ್ಟ್‌ನಲ್ಲಿದ್ದೀಯ. ಈ ಸಲ 60ಕ್ಕೆ ನಿಂತಿದೆ."

"ಆದರೆ 52 ಸಾಕು ಅಂತ ಇತ್ತಲ್ಲ?"

"ಹೌದು, ಅದು ನಿನಗಿದೆ."

"ಹಾಗಾದ್ರೆ ನನ್ನಲ್ಲಿ ಏನು ಕಡಿಮೆ ಆಯ್ತು?"

"ಏನೂ ಕಡಿಮೆ ಇಲ್ಲ."

ಅಷ್ಟು ಹೇಳಿ ಅವರು ಸುಮ್ಮನೆ ಅವಳ ಮುಖ ನೋಡಿದರು. ಇವಳು ಅಳಲಿಲ್ಲ. ಥ್ಯಾಂಕ್ಯೂ ಅಂದು ಫೋಲ್ಡರ್ ಮುಚ್ಚಿದಳು. ಈ ದೇಶದಲ್ಲಿ ಬೆಳೆದ ಮಕ್ಕಳಿಗೆ ಥ್ಯಾಂಕ್ಯೂ ಎಲ್ಲಿಂದ ಬರುತ್ತದೋ ಕಾಣೆ. ನಾನಾಗಿದ್ದರೆ ಹೇಳುತ್ತಿರಲಿಲ್ಲ.

ಹೊರಗೆ ಬರುವಾಗ ಬಾಗಿಲಲ್ಲಿ ನಮಗೆ ಪರಿಚಯದ ಒಬ್ಬ ತಾಯಿ ಸಿಕ್ಕಿದರು. ಅವರ ಮಗ ಬಲಗಡೆ ಸಾಲಿನವನು, ಐದು ವರ್ಷದಿಂದ ಅಲ್ಲೇ ಓದುತ್ತಿರುವ ಹುಡುಗ. "ಅಬ್ಬಾ, 53 ಕಣ್ರೀ! ಒಂದೇ ಪಾಯಿಂಟಲ್ಲಿ ಬಚಾವ್!" ಅಂತ ನನ್ನ ಕೈ ಹಿಡಿದು ನಕ್ಕರು. ಪಕ್ಕದಲ್ಲಿ 58ರ ಹುಡುಗಿ ನಿಂತಿದ್ದಾಳೆ ಅನ್ನುವುದು ಅವರಿಗೆ ಗೊತ್ತಿರಲಿಲ್ಲ. ಗೊತ್ತಿದ್ದರೂ ಹೇಳುತ್ತಿದ್ದರು ಅಂತ ನನ್ನ ಅನುಮಾನ. ಪಾಪ, ಮನಸ್ಸಿನಲ್ಲಿ ಏನೂ ಇಟ್ಟುಕೊಳ್ಳುವ ಹೆಂಗಸಲ್ಲ.

53 ಒಳಗೆ, 58 ಹೊರಗೆ. ಇದರಲ್ಲಿ ಮೋಸ ಇದೆಯಾ? ಇಲ್ಲ. ನಿಯಮದ ಪುಸ್ತಕದಲ್ಲೇ ಹಾಗಿದೆ. ಶಾಲೆ ಒಳಗಿನವರಿಗೊಂದು, ಹೊರಗಿನವರಿಗೊಂದು ಕನಿಷ್ಠ ಅಂಕ ಇಡುವ ಹಾಗಿಲ್ಲ. ಇಂಗ್ಲೆಂಡಿನ ಸರ್ಕಾರಿ ಅಡ್ಮಿಷನ್ ಕೋಡ್ ಅದನ್ನು ನೇರವಾಗಿ ಹೇಳುತ್ತದೆ. ಇಬ್ಬರಿಗೂ 52 ಅಂದರೆ ಇಬ್ಬರಿಗೂ 52. ಆದರೆ ಒಳಗಿನ ಹುಡುಗ ಆ ಗೆರೆ ದಾಟಿದರೆ ಮೇಲಿನ ತರಗತಿಗೆ ನಡೆದುಕೊಂಡು ಹೋಗುತ್ತಾನೆ, ಹೊಸದಾಗಿ ಅರ್ಜಿ ಕೂಡ ಬೇಡ. ಹೊರಗಿನವಳು ಅದೇ ಗೆರೆ ದಾಟಿದ ಮೇಲೆ ಅವಳ ಓಟ ಶುರು. ಪ್ರಕಟಿಸಿದ ಆ ಸೀಟುಗಳಿಗೆ ಹೊರಗಿನವರು ತಮ್ಮತಮ್ಮಲ್ಲೇ ಪೈಪೋಟಿ ಮಾಡಬೇಕು. ಕೆಲವು ಶಾಲೆ ಪಾಯಿಂಟ್ ನೋಡುತ್ತವೆ, ಕೆಲವು ಮನೆಯಿಂದ ಶಾಲೆಗೆ ಎಷ್ಟು ದೂರ ಅಂತ ಅಳೆಯುತ್ತವೆ. ಹೆತ್ತವರ ಬದಲು ಸ್ಥಳೀಯ ಕೌನ್ಸಿಲ್ ಪಾಲನೆಯಲ್ಲಿರುವ ಮಕ್ಕಳು ಇದ್ದರೆ ಅವರಿಗೆ ಮೊದಲು. ಅದು ಸರಿಯೇ.

ಹಾಗಾದರೆ ಇವಳು ಯಾಕೆ ಹನ್ನೊಂದನೇ ವಯಸ್ಸಿಗೇ ಒಳಗೆ ಹೋಗಲಿಲ್ಲ? ಇಂಗ್ಲೆಂಡಿನಲ್ಲಿ ಸರ್ಕಾರಿ ಗ್ರಾಮರ್ ಶಾಲೆ ಇರುವುದು 163. ಹೊಸದು ತೆರೆಯುವುದಕ್ಕೆ 1998ರ ಕಾನೂನು ಬಿಡುವುದಿಲ್ಲ. ಸೇರಲು ಇಲೆವೆನ್ ಪ್ಲಸ್ ಪರೀಕ್ಷೆ. ಆರನೇ ವರ್ಷದ ತರಗತಿ ಶುರುವಾದ ಸೆಪ್ಟೆಂಬರ್‌ನಲ್ಲೇ ಅದು ಮುಗಿದುಹೋಗುತ್ತದೆ, ಮಕ್ಕಳಿಗೆ ಹತ್ತು ವರ್ಷ. ಇಲ್ಲಿಯ ನಮ್ಮವರು ಎಂಟನೇ ವಯಸ್ಸಿಗೇ ಟ್ಯೂಷನ್ ಹಚ್ಚುತ್ತಾರೆ. ಈ ಕುಟುಂಬ ಬೆಂಗಳೂರಿನಿಂದ ಬಂದಿಳಿದಾಗ ಅವಳಿಗೆ ಒಂಬತ್ತೂವರೆ. ಇಲ್ಲಿಯವರ ಉಚ್ಚಾರಣೆ ಕಿವಿಗೆ ಹತ್ತುವ ಹೊತ್ತಿಗೆ ಪರೀಕ್ಷೆ ಬಂತು, ಹೋಯಿತು. ಆಗ ಎಲ್ಲರೂ ಅವಳ ಅಪ್ಪನಿಗೆ ಒಂದೇ ಮಾತು ಹೇಳಿದ್ದು: "ಯೋಚನೆ ಮಾಡಬೇಡಿ, ಸಿಕ್ಸ್ತ್ ಫಾರ್ಮ್‌ನಲ್ಲಿ ಇನ್ನೊಂದು ಬಾಗಿಲು ಇದೆ."

ಬಾಗಿಲು ಇದೆ, ಸುಳ್ಳಲ್ಲ. 40 ಮಕ್ಕಳು ಮೊನ್ನೆ ಅದರಲ್ಲಿ ಒಳಗೆ ಹೋದರು. ತಡವಾಗಿ ಬಂದವರಿಗೆ, ಹತ್ತನೇ ವಯಸ್ಸಿನಲ್ಲಿ ಮಂಕಾಗಿದ್ದು ಹದಿನಾರಕ್ಕೆ ಚುರುಕಾದವರಿಗೆ ಇರುವುದು ಅದೊಂದೇ. ಆದರೆ ಹತ್ತನೇ ವಯಸ್ಸಿನ ಒಂದು ಬೆಳಿಗ್ಗೆ ಹದಿನಾರರವರೆಗೂ ಬೆನ್ನು ಬಿಡುವುದಿಲ್ಲ ಅನ್ನುವುದನ್ನು ಯಾರೂ ಹೇಳಿರಲಿಲ್ಲ. ಆ ಹುಡುಗನ 53ರಲ್ಲಿ ಆ ಬೆಳಿಗ್ಗೆಯ ಪಾಲೂ ಇದೆ.

ಸಂಜೆ ಅವರ ಮನೆಗೆ ಹೋದರೆ ವಾಟ್ಸ್ಯಾಪ್ ಗುಂಪಿನ ಪಂಡಿತರೊಬ್ಬರು ಆಗಲೇ ಬಂದು ಕೂತಿದ್ದರು. "ಇಂಟರ್‌ವ್ಯೂಗೆ ಸರಿಯಾಗಿ ತಯಾರಿ ಮಾಡಿಸಿದ್ದಿದ್ರೆ ಹೀಗಾಗ್ತಿರಲಿಲ್ಲ ರೀ" ಅಂತ ಶುರು. ಅವರ ಮಗ ಲ್ಯಾಂಬೆತ್‌ನ ಕಿಂಗ್ಸ್ ಮ್ಯಾಥ್ಸ್ ಸ್ಕೂಲ್‌ಗೆ ಸೇರಿದವನು. 2014ರಲ್ಲಿ ತೆರೆದ, ಹದಿನಾರರ ಮೇಲಿನವರಿಗೆ ಮಾತ್ರ ಇರುವ ಶಾಲೆ. ಅಲ್ಲಿ ಪರೀಕ್ಷೆಯೂ ಇದೆ, ಇಂಟರ್‌ವ್ಯೂ ಕೂಡ ಇದೆ. ಹಾಗಾಗಿ ಲೋಕದಲ್ಲೆಲ್ಲ ಹಾಗೇ ಅಂತ ಅವರ ನಂಬಿಕೆ. ಸಾಮಾನ್ಯ ಸರ್ಕಾರಿ ಶಾಲೆಯ ಸಿಕ್ಸ್ತ್ ಫಾರ್ಮ್‌ಗೆ ಇಂಟರ್‌ವ್ಯೂ ಮಾಡಿ ಆರಿಸುವ ಹಾಗೇ ಇಲ್ಲ. ಯಾವ ವಿಷಯ ತಗೋತೀಯ ಅಂತ ಮಾತಾಡಿಸಬಹುದು, ಆ ಮಾತು ಸೀಟಿನ ತೀರ್ಮಾನಕ್ಕೆ ಸೇರಬಾರದು. ಇದನ್ನು ಹೇಳಿದೆ. "ಹೊರಗೆ ಹಾಗೆ ಹೇಳ್ತಾರೆ ಅಷ್ಟೇ" ಅಂದರು. ಇಂಥವರ ಹತ್ತಿರ ವಾದ ಮಾಡಿ ಗೆದ್ದವರಿಲ್ಲ. ಚಹಾ ಕುಡಿದು ಹೋದರು.

ನನ್ನ ಕಾಲದ ಪಿಯುಸಿ ಸೀಟು ನೆನಪಾಯಿತು. ಎಸ್‌ಎಸ್‌ಎಲ್‌ಸಿ 625ಕ್ಕೆ ಎಷ್ಟು, ಯಾವ ಕೆಟಗರಿ, ಕಾಲೇಜಿನ ನೋಟಿಸ್ ಬೋರ್ಡಿನಲ್ಲಿ ಹೆಸರು ಎಷ್ಟನೆಯದು. ಎಲ್ಲರ ಹೆಸರೂ ಬಟ್ಟಬಯಲು. ಹಾಳೆ ಮುಚ್ಚುವ ಮರ್ಯಾದೆ ಯಾರಿಗೂ ಇರಲಿಲ್ಲ. ಡೊನೇಷನ್ ಕಥೆ ಬೇರೆ. ಇಲ್ಲಿ ಸರ್ಕಾರಿ ಶಾಲೆಯಲ್ಲಿ ಒಂದು ಪೈಸೆ ಫೀಸಿಲ್ಲ, ಅದನ್ನು ಮೆಚ್ಚಲೇಬೇಕು. ದುಡ್ಡು ಮೊದಲೇ ಖರ್ಚಾಗಿರುತ್ತದೆ, ಟ್ಯೂಷನ್ನಿಗೆ, ಶಾಲೆ ಹತ್ತಿರದ ಮನೆ ಬಾಡಿಗೆಗೆ.

ಒಂದು ವಿಷಯದಲ್ಲಿ ಮಾತ್ರ ನಮ್ಮ ಸಿಇಟಿ ಕೌನ್ಸೆಲಿಂಗೇ ವಾಸಿ ಅನ್ನಿಸಿತು. ಇಲ್ಲಿ ಸಿಕ್ಸ್ತ್ ಫಾರ್ಮ್‌ಗೆ ಎಲ್ಲ ಶಾಲೆಗೂ ಸೇರಿ ಒಂದೇ ಸೀಟು ಹಂಚಿಕೆ ಅನ್ನುವುದು ಇಲ್ಲ. ಒಂದೊಂದು ಮಗು ಮೂರ್ನಾಲ್ಕು ಶಾಲೆಗೆ ಅರ್ಜಿ ಹಾಕಿ ಮೂರ್ನಾಲ್ಕು ಆಫರ್ ಹಿಡಿದುಕೊಂಡಿರುತ್ತದೆ. ಖಾಲಿ ಸೀಟೆಂದರೆ ಮುಂದೆ ಬರುವ ಅನುದಾನಕ್ಕೆ ಕತ್ತರಿ. ಅದಕ್ಕೆ ಶಾಲೆಗಳು ಸೀಟಿಗಿಂತ ಎಷ್ಟೋ ಜಾಸ್ತಿ ಆಫರ್ ಕೊಡುತ್ತವೆ. ಕೊನೆಗೆ ಗುರುವಾರ ಎಲ್ಲರೂ ಒಟ್ಟಿಗೆ ಬಂದು ನಿಲ್ಲುತ್ತಾರೆ. ಯಾರು ಎಲ್ಲಿಗೆ ಸೇರಿದರು, ಯಾರು ಬಿಟ್ಟರು ಅನ್ನುವುದು ತರಗತಿ ಶುರುವಾಗುವವರೆಗೂ ಶಾಲೆಗೇ ಸ್ಪಷ್ಟ ಇರುವುದಿಲ್ಲ.

ರಾತ್ರಿ ಮಲಗಿದ ಮೇಲೂ ನಾನು ನಿಯಮ ತಿದ್ದುತ್ತಾ ಇದ್ದೆ. ಒಳಗಿನವರು, ಹೊರಗಿನವರು ಎಲ್ಲರನ್ನೂ ಒಂದೇ ಪಟ್ಟಿಗೆ ಹಾಕಿದರೆ? ಆಗ 58 ಒಳಗೆ, 53 ಹೊರಗೆ. ನ್ಯಾಯ ಅಲ್ವಾ? ಆದರೆ ಆ ಹುಡುಗ ಹನ್ನೊಂದನೇ ವಯಸ್ಸಿನಿಂದ ಅಲ್ಲಿದ್ದಾನೆ. ಅವನ ಗೆಳೆಯರು, ಮೇಷ್ಟ್ರುಗಳು, ಕ್ರಿಕೆಟ್ ತಂಡ ಎಲ್ಲ ಅಲ್ಲೇ. ಹೊರಗಿನವರು ಜಾಣರು ಬಂದಿದ್ದಾರೆ, ನೀನು ನಡಿ ಅನ್ನೋಣವಾ? 2017ರಲ್ಲಿ ಇದೇ ಲಂಡನ್ ಅಂಚಿನ ಆರ್ಪಿಂಗ್ಟನ್‌ನಲ್ಲಿ ಒಂದು ಹೆಸರಾಂತ ಗ್ರಾಮರ್ ಶಾಲೆ ಸಿಕ್ಸ್ತ್ ಫಾರ್ಮ್ ಅರ್ಧ ಮುಗಿಸಿದ ಮಕ್ಕಳಿಗೆ, ಗ್ರೇಡ್ ಸಾಲದು, ಮುಂದಿನ ವರ್ಷಕ್ಕೆ ಬರಬೇಡಿ ಅಂದಿತ್ತು. ಪೋಷಕರು ಕೋರ್ಟಿಗೆ ಹೋದರು. ಶಾಲೆ ಹಿಂದೆ ಸರಿದು ಮಕ್ಕಳನ್ನು ವಾಪಸ್ ಕರೆಯಿತು. ಆಗ ನಾನು ಆ ಪೋಷಕರ ಪರವಾಗಿ ಊಟದ ಮೇಜಿನಲ್ಲಿ ಜೋರು ಭಾಷಣ ಮಾಡಿದ್ದೆ. ಮಕ್ಕಳು ಶಾಲೆಗೆ ಸೇರಿದವರು, ಶಾಲೆಯ ಫಲಿತಾಂಶಕ್ಕೆ ಕಟ್ಟಿದ ಅಲಂಕಾರ ಅಲ್ಲ ಅಂತ. ಈಗ ಅದೇ ನಾಲಿಗೆಯಲ್ಲಿ ಆ 53ರ ಹುಡುಗನನ್ನು ಕಳಿಸಿ ಅನ್ನುವುದು ಹೇಗೆ?

ಹಾಗಾಗಿ ನನ್ನ ಸಿಟ್ಟು ಕೂರಲು ಜಾಗ ಸಿಗದೆ ಓಡಾಡುತ್ತಿದೆ. ಮೇಷ್ಟ್ರು ಒಳ್ಳೆಯವರು. ಆ ತಾಯಿಯ ಖುಷಿ ನಿಜ. ನಿಯಮ ಮುಂಚೆಯೇ ಬರೆದಿಟ್ಟದ್ದು. ಹುಡುಗಿ ಓದಿದ್ದಾಳೆ. ಇಷ್ಟೆಲ್ಲ ಸರಿ ಇದ್ದೂ ಒಂದು ಮಗು ತನ್ನಲ್ಲಿ ಏನು ಕಡಿಮೆ ಆಯ್ತು ಅಂತ ಕೇಳಬೇಕಾಯಿತು. ಏನಾದರೂ ಒಂದು ಕಡಿಮೆ ಇದ್ದಿದ್ದರೆ ಚೆನ್ನಾಗಿತ್ತು ಅಂತ ಕೂಡ ನನಗೆ ಅನ್ನಿಸಿತು. ಕೆಮಿಸ್ಟ್ರಿಯಲ್ಲಿ 6 ಬಂದಿದ್ದರೆ, ಛೆ, ಇನ್ನೊಂದು ಸ್ವಲ್ಪ ಓದಬೇಕಿತ್ತು ಅಂತ ಅವಳು ಒಂದಿಷ್ಟು ಅತ್ತು ಮುಗಿಸುತ್ತಿದ್ದಳು. ಏನೂ ಕಡಿಮೆ ಇಲ್ಲ ಅಂದರೆ ಎಲ್ಲಿಂದ ತಿದ್ದಿಕೊಳ್ಳುವುದು?

ಅವಳ ಅಪ್ಪ ಅಪೀಲು ಹಾಕುತ್ತಿದ್ದಾರೆ. ಆ ಹಕ್ಕು ಇದೆ, ಶಾಲೆಯ ಕೈಯಲ್ಲಿಲ್ಲದ ಸಮಿತಿ ವಿಚಾರಣೆ ಮಾಡುತ್ತದೆ. ರಿಸಲ್ಟ್ ಆದ 30 ಶಾಲಾ ದಿನದೊಳಗೆ ವಿಚಾರಣೆ ಆಗಬೇಕು ಅಂತ ನಿಯಮ. ಲೆಕ್ಕ ಹಾಕಿದರೆ ಅಕ್ಟೋಬರ್‌ವರೆಗೂ ಎಳೆಯಬಹುದು, ಅಷ್ಟರಲ್ಲಿ ಪಾಠ ಎಲ್ಲಿಗೋ ಹೋಗಿರುತ್ತದೆ. ಕರಡು ನನಗೆ ಓದಲು ಕೊಟ್ಟರು. ಮೂರನೇ ಪ್ಯಾರಾದಲ್ಲಿ 53ರ ಹುಡುಗನ ವಿಷಯ ಬರೆದಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರ ಹೆಂಡತಿ ಅಡುಗೆಮನೆಯಿಂದ, "ಇನ್ನೊಬ್ಬರ ಮಗನ ಮಾರ್ಕ್ಸು ನಿಮಗ್ಯಾಕ್ರೀ? ತೆಗೀರಿ ಅದನ್ನ" ಅಂದರು. ಗೊಣಗುತ್ತಾ ತೆಗೆದರು. ಆ ಮನೆಯಲ್ಲಿ ವಿವೇಕ ಯಾರ ಕಡೆ ಇದೆ ಅಂತ ನನಗೆ ಮೊದಲೇ ಗೊತ್ತಿತ್ತು.

ಹುಡುಗಿ ಶುಕ್ರವಾರವೇ ತನ್ನ ಹಳೆಯ ಶಾಲೆಯ ಸಿಕ್ಸ್ತ್ ಫಾರ್ಮ್‌ಗೆ ಹೋಗಿ ಮ್ಯಾಥ್ಸ್, ಕೆಮಿಸ್ಟ್ರಿ, ಎಕನಾಮಿಕ್ಸ್‌ಗೆ ಹೆಸರು ಬರೆಸಿ ಬಂದಳು. ಅಲ್ಲಿ 6 ಇದ್ದರೆ ಸಾಕು. ಅಲ್ಲಿ ಅವಳು ಒಳಗಿನವಳು, ಒಂದು ನಿಮಿಷದ ಕೆಲಸ. ಗ್ರಾಮರ್ ಶಾಲೆಯ ವೇಟಿಂಗ್ ಲಿಸ್ಟ್‌ನಲ್ಲಿ ಆರನೆಯವಳು. ಸೆಪ್ಟೆಂಬರ್ ಮೊದಲ ವಾರ ಒಂದಿಷ್ಟು ಜನ ಬಿಡಬಹುದು ಅಂತ ಶಾಲೆಯವರೇ ಹೇಳಿದ್ದಾರಂತೆ.

"ಆಮೇಲೆ ಕರೆದರೆ ಹೋಗ್ತೀಯಾ?" ಅಂತ ಕೇಳಿದೆ.

"ಇಲ್ಲಿ ಕೆಮಿಸ್ಟ್ರಿ ಮಿಸ್ ಯಾರು ಬರ್ತಾರೆ ನೋಡಿ ಹೇಳ್ತೀನಿ ಆಂಟಿ" ಅಂದಳು.

ಅವಳ ಅಪ್ಪನಿಗೆ ಇದನ್ನು ನಾನಿನ್ನೂ ಹೇಳಿಲ್ಲ.